ಎರಡನೆಯ ಅರಸನ ತಲೆ

ಜನವರಿ 8, 2025, ಬುಧವಾರ

ದಿನಕ್ಕೆ ಹತ್ತು ಸಾಲು ಬರೆಯಬೇಕಂತೆ. ಹೇಳಿದ್ದು ಕ್ಲಿನಿಕ್ಕಿನ ತೆರೆಸಾ ಬಾಯಿ, ನಮ್ಮ ಮಂಗಳೂರಿನವರೇ, ಕೈಕಾಲಿಗೆ ವ್ಯಾಯಾಮ ಮಾಡಿಸುವವರು. ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಎರಡು ತಿಂಗಳಿಂದ ಜೋಮು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಮಾಡಿಸಿ, ಆರು ವಾರ ರಜೆ ಹಾಕಿ ಅಂದರು ಡಾಕ್ಟ್ರು. ಆರು ವಾರ! ನನಗೆ ನಗು ಬಂತು. ತೆರೆಸಾ ಬಾಯಿ ನಗಲಿಲ್ಲ. "ಹಾಗಾದ್ರೆ ದಿನಾ ಕೈಯಲ್ಲಿ ಬರೀರಿ, ಅಕ್ಷರ ಹೇಗೆ ಬರ್ತದೆ ನೋಡುವಾ" ಅಂತ ಈ ಪುಸ್ತಕ ಕೊಟ್ಟರು. ಅಕ್ಷರ ಚೆನ್ನಾಗಿಯೇ ಉಂಟು. ಮುಂದಿನ ಸಲ ಹೋದಾಗ ತೋರಿಸುತ್ತೇನೆ.

ಕೈಯ ವಿಷಯ ಯಾರಿಗೂ ಹೇಳಿಲ್ಲ, ಹೆಂಡತಿ ರಾಜೀವಿಗೂ ಇಲ್ಲ. ಶುವೈಖಿನ ವರ್ಕ್‌ಶಾಪಿನಲ್ಲಿ ನಾನು ಉಸ್ತಾದ್. ಮದುವೆಯ ಮಂಟಪ, ಮಾಲ್‌ನ ಕೋಟೆ, ಒಂಟೆ, ಹಡಗು, ಥರ್ಮೊಕೋಲಿನಲ್ಲಿ ಏನು ಕೇಳಿದರೂ ಕೆತ್ತಿ ನಿಲ್ಲಿಸುತ್ತೇವೆ. ಊರಲ್ಲಿ ದಸರಾದ ಟ್ಯಾಬ್ಲೋ ಮಾಡುತ್ತಿದ್ದವನು ನಾನು, ಈ ಅರಬ್ಬರ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷ. ಕೈ ಹಿಡಿತ ತಪ್ಪಿದ ಉಸ್ತಾದನನ್ನು ಕಂಪೆನಿ ಇಟ್ಟುಕೊಂಡು ಎಂತ ಮಾಡುತ್ತದೆ? ಇಕಾಮಾ ಖಲಾಸ್, ಇಲ್ಲಿರುವ ಪರವಾನಗಿ ಮುಗಿಯಿತು, ವಿಮಾನ ಹತ್ತು ಅನ್ನುತ್ತದೆ. ಐವತ್ತೆಂಟಕ್ಕೇ ಊರಿಗೆ ಹೋಗಿ ಜಗಲಿಯಲ್ಲಿ ಕೂರುವ ಜನ ನಾನಲ್ಲ.

ಅದೂ ಅಲ್ಲದೆ ಇವತ್ತೇ ಬಂತು ನೋಡಿ ಕೆಲಸ! ವಫ್ರಾದಲ್ಲಿ ಒಬ್ಬ ದೊಡ್ಡ ತೋಟದವನು ಚಳಿಗಾಲಕ್ಕೆ ಜನರನ್ನು ಒಳಗೆ ಬಿಡುತ್ತಾನಂತೆ. ಹಸಿರುಮನೆಗಳ ಎದುರು ಅವನಿಗೆ ಈಜಿಪ್ಟಿನ ಅಬು ಸಿಂಬೆಲ್ ಬೇಕಂತೆ. ಬಂಡೆಗುಡ್ಡವನ್ನೇ ಕೊರೆದು ಮಾಡಿದ ದೇವಸ್ಥಾನ, ಬಾಗಿಲಿನ ಎರಡೂ ಕಡೆ ಸಿಂಹಾಸನದಲ್ಲಿ ಕೂತ ನಾಲ್ಕು ರಾಮ್ಸೆಸ್. ನಾಲ್ಕೂ ಒಬ್ಬನೇ ಅರಸ! ನಿಜವಾದದ್ದರ ಕಾಲುಭಾಗ ಎತ್ತರಕ್ಕೆ ಮಾಡಬೇಕು, ಅಂದರೆ ಒಬ್ಬೊಬ್ಬನೂ ಹದಿನಾರು ಅಡಿ. ನಮ್ಮ ಮಾಲೀಕ ಅಬು ಫಹದ್ ಕೇಳಿದ, "ಆಗ್ತದಾ ಉಸ್ತಾದ್?" "ಯಾರನ್ನು ಕೇಳ್ತಾ ಇದ್ದೀರಿ?" ಅಂದೆ.

ಹತ್ತು ಸಾಲು ದಾಟಿತು. ತೆರೆಸಾ ಬಾಯಿಗೆ ಸಾಕು.

ಜನವರಿ 10, ಶುಕ್ರವಾರ

ರಜೆ. ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿನ ನೆಲದಲ್ಲಿ ಫೋಟೋಗಳನ್ನೆಲ್ಲ ಹರಡಿ ಕೂತೆ. ಈ ರಾಮ್ಸೆಸ್ ನನ್ನ ಹಾಗಿನ ಮನುಷ್ಯ. ರಾಜ್ಯದ ತೆಂಕಣ ತುದಿಯಲ್ಲಿ, ಹೊಳೆಗೆ ಮುಖ ಮಾಡಿ ಕೂತಿದ್ದಾನೆ. ಆಚೆ ಸೀಮೆಯವರು ದೋಣಿಯಲ್ಲಿ ಬರುವಾಗ ಮೊದಲು ಕಾಣಬೇಕಾದದ್ದು ಅವನ ಮೊಣಕಾಲು! ಮುಖ ನೋಡಬೇಕಾದರೆ ಕುತ್ತಿಗೆ ನೋಯಬೇಕು. ಸೈನ್ಯ ಬೇಡ, ಡಂಗುರ ಬೇಡ, ಕೂತದ್ದೇ ಸಾಕು. ಬಂಡೆಯಲ್ಲಿ ಇನ್ನೂ ಒಂದು ಗಮ್ಮತ್ತು ಉಂಟು. ತಪ್ಪಿದರೆ ಮೆತ್ತಿ ಸರಿ ಮಾಡುವ ಹಾಗಿಲ್ಲ, ತೆಗೆದದ್ದು ತೆಗೆದದ್ದೇ. ಅಂಥ ಕೈ ಇದ್ದವರು ಮಾಡಿದ ಕೆಲಸ.

ಒಂದೇ ಬೇಸರ. ಎಡದಿಂದ ಎರಡನೆಯ ಅರಸ ಸೊಂಟದಿಂದ ಮೇಲೆ ಇಲ್ಲ. ಯಾವುದೋ ಕಾಲದ ಭೂಕಂಪಕ್ಕೆ ಬಿದ್ದು ತಲೆ ಕಾಲಬುಡದಲ್ಲಿ ಉರುಳಿಕೊಂಡಿದೆ. ನಮ್ಮಲ್ಲಿ ಮೂರ್ತಿಯ ಒಂದು ಕಿರುಬೆರಳು ಮುರಿದರೂ ಪೀಠದಲ್ಲಿ ಇಡುವುದಿಲ್ಲ, ನೀರಿಗೆ ಬಿಡುತ್ತೇವೆ. ನಾನು ಕಲಿತದ್ದೇ ಹಾಗೆ. ಭಿನ್ನವಾದದ್ದನ್ನು ಕಣ್ಣಾರೆ ಕಂಡು ಹಾಗೆಯೇ ಮಾಡಲಿಕ್ಕೆ ಕೈ ಬರುತ್ತದಾ? ನಕ್ಷೆಯಲ್ಲಿ ನಾಲ್ವರಿಗೂ ತಲೆ ಕೊಟ್ಟೆ. ಮೂರು ಸಾವಿರ ವರ್ಷದಿಂದ ಯಾರೂ ಮಾಡದ ರಿಪೇರಿ ಕಮಲಾಕ್ಷ ಆಚಾರ್ಯ ಮಾಡುತ್ತಾನೆ.

ರಾಜೀವಿ ಕೆಳಗಿನ ಟೈಲರಿಂಗ್ ಅಂಗಡಿಯಿಂದ ತಂದ ಪ್ಯಾಂಟುಗಳ ಅಂಚು ಮಡಚುತ್ತಾ ಬಗ್ಗಿ ನೋಡಿದಳು. "ಇದು ಯಾರು ಮಾರಾಯ್ರೆ, ಮೊಣಕಾಲಿನ ಹತ್ತಿರ ಇಷ್ಟು ಸಣ್ಣ ಹೆಂಗಸು?"

"ಅವನ ಹೆಂಡತಿ. ರಾಣಿ."

"ರಾಣಿಯಾ! ಅವನಿಗೆ ಅನ್ನ ಬಡಿಸುವಾಗ ಏಣಿ ಇಡ್ತಿದ್ದಳಾ?" ಅಂತ ಸೂಜಿ ಕಚ್ಚಿಕೊಂಡೇ ನಕ್ಕಳು. ಅವಳಿಗೆ ಇದೆಲ್ಲ ಅರ್ಥ ಆಗುವುದಿಲ್ಲ.

ಜನವರಿ 16, ಗುರುವಾರ

ಮೊದಲನೆಯ ತಲೆ ಮುಗಿಯಿತು. ನೋಡಿದವರೆಲ್ಲ ಬಾಯಿ ಬಿಟ್ಟರು. ತುಟಿಯ ತುದಿಯಲ್ಲಿ ಒಂದು ನಗು ಉಂಟು ಆ ಅರಸನಿಗೆ, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಅದು ಬಂತು. ಅದು ನನಗೆ ಮಾತ್ರ ಬರುತ್ತದೆ.

ನಮ್ಮ ವರ್ಕ್‌ಶಾಪಿನ ಕಾನೂನು ಗೊತ್ತಲ್ಲ, ಮೈ ಯಾರಾದರೂ ಮಾಡಲಿ, ಮುಖ ಉಸ್ತಾದನದ್ದು. ಝಾಕಿರ್ ಹನ್ನೊಂದು ವರ್ಷದಿಂದ ನನ್ನ ಜೊತೆ ಇದ್ದಾನೆ, ಉಳ್ಳಾಲದ ಬ್ಯಾರಿ, ನಲವತ್ತು ದಾಟಿದೆ. ಬಿಸಿ ತಂತಿಯಲ್ಲಿ ದೊಡ್ಡ ದೊಡ್ಡ ಬ್ಲಾಕ್ ಕೊಯ್ಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಆದರೆ ಮುಖ ಮುಟ್ಟಲಿಕ್ಕೆ ನಾನು ಬಿಟ್ಟದ್ದಿಲ್ಲ. ಕಲಿಯಲಿಕ್ಕೆ ಇನ್ನೂ ಉಂಟು.

ಅಬು ಫಹದ್ ಬಂದು ಕೈ ಚಾಚಿದ. ನಾನು ಎದೆಗೆ ಕೈ ಇಟ್ಟು ಸಲಾಂ ಹೇಳಿದೆ, ಕೈ ಪೂರ್ತಿ ಗೋಂದು ಅಂದೆ. ಚಾದ ಗ್ಲಾಸು ಒಂದು ಕೆಳಗೆ ಬಿತ್ತು, ಈ ಹೊಸ ಗ್ಲಾಸುಗಳು ಬರೀ ಜಾರುತ್ತವೆ.

ರಾಜೀವಿಗೆ ಈಚೆಗೆ ಗಂಡನ ಮೇಲೆ ಹೊಸ ಪ್ರೀತಿ. ಬೆಳಿಗ್ಗೆ ಎದುರು ಬಂದು ನಿಂತು ಅಂಗಿಯ ಗುಂಡಿ ಹಾಕಿಕೊಡುತ್ತಾಳೆ. ಮದುವೆಯಾಗಿ ಮೂವತ್ತು ವರ್ಷಕ್ಕೆ! ಅನ್ನದ ಬಟ್ಟಲಿನ ಪಕ್ಕ ಚಮಚವೂ ಬರುತ್ತದೆ. "ಎಂತ ಇದು ಸಾಹೇಬರ ಹಾಗೆ?" ಅಂದೆ. "ಬಿಸಿ ಉಂಟು" ಅಂದಳು.

ಜನವರಿ 19, ಭಾನುವಾರ

ಚಳಿ. ಪೆನ್ನು ಸರಿ ಇಲ್ಲ.

ಜನವರಿ 23, ಗುರುವಾರ

ಎರಡನೆಯ ತಲೆಯ ಮೇಲೆ ಇದ್ದೆ. ಮೂಗು ಆಯಿತು, ತುಟಿ ಆಯಿತು. ಗಲ್ಲಕ್ಕೆ ಬಂದಾಗ ಬಿಸಿ ಚಾಕು ನನ್ನ ಕೈಯಲ್ಲಿ ಇದೆಯೋ ಇಲ್ಲವೋ ಅಂತಲೇ ಗೊತ್ತಾಗಲಿಲ್ಲ. ನೋಡುವಷ್ಟರಲ್ಲಿ ಗಲ್ಲದೊಳಗೆ ನಾಲ್ಕು ಬೆರಳಷ್ಟು ಇಳಿದಿತ್ತು.

ಹೆದರಿಕೆ ಆಯಿತು ಅಂತ ಬರೆಯುತ್ತೇನೆ, ಇದನ್ನು ಯಾರು ಓದುತ್ತಾರೆ? ಝಾಕಿರ್ ಬಂದು ಚಾಕುವಿನ ಸ್ವಿಚ್ ಆಫ್ ಮಾಡಿದ. "ಕಮಲಾಕ್ಷಣ್ಣ, ಒಂದು ಚಾ ಕುಡ್ಕೊಂಡು ಬನ್ನಿ" ಅಂದ, ಅಷ್ಟೇ.

ಹೋದೆ. ಗ್ಯಾರೇಜುಗಳ ಸಾಲಿನಲ್ಲಿ ಒಂದು ಸುತ್ತು ನಡೆದೆ. ವಾಪಸು ಬಂದಾಗ ಗಲ್ಲ ಇತ್ತು. ಹಾಳಾದ ಜಾಗವನ್ನು ಚೌಕಕ್ಕೆ ಕೊಯ್ದು, ಹೊಸ ತುಂಡು ಕೂರಿಸಿ ಕೆತ್ತಿದ್ದಾನೆ. ಗೆರೆ ಹುಡುಕಿದೆ, ಸಿಗಲಿಲ್ಲ. ಬೆರಳಲ್ಲಿ ಮುಟ್ಟಿ ನೋಡಿದೆ, ನನ್ನ ಬೆರಳಿಗೆ ಈಗ ಏನು ಗೊತ್ತಾಗುತ್ತದೆ!

"ಯಾರು ನಿನಗೆ ಮುಖ ಮುಟ್ಟಲಿಕ್ಕೆ ಹೇಳಿದ್ದು?" ಅಂತ ಎಲ್ಲರ ಎದುರು ಬೊಬ್ಬೆ ಹೊಡೆದೆ. ಪೇಂಟಿನವರು ಇಬ್ಬರೂ ಡಬ್ಬಿ ಹಿಡಿದುಕೊಂಡು ಹೊರಗೆ ಹೋದರು. ಝಾಕಿರ್ ತಲೆ ಬಗ್ಗಿಸಿ ನೆಲದ ಬಿಳಿ ಪುಡಿ ಗುಡಿಸಿದ.

ಗಲ್ಲ ಒಳ್ಳೆಯದಾಗಿತ್ತು.

ಜನವರಿ 24, ಶುಕ್ರವಾರ

ಇವತ್ತು ಬರೆಯುವುದಿಲ್ಲ.

ಜನವರಿ 29, ಬುಧವಾರ

ಮೂರನೆಯ ಮುಖ ಮುಗಿಯಿತು. ನಾಲ್ಕನೆಯದು ಅರ್ಧ ಆಗಿದೆ.

ಈಗ ಹೊಸ ಪದ್ಧತಿ ಮಾಡಿದ್ದೇನೆ. ನಾನು ಸ್ಟೂಲಿನಲ್ಲಿ ಕೂತು ಹೇಳುವುದು, ಝಾಕಿರ್ ಕೊಯ್ಯುವುದು. "ಹುಬ್ಬಿನ ಕೆಳಗೆ ಇನ್ನೊಂದು ನೂಲಿನಷ್ಟು ತೆಗೆ. ಸಾಕು. ಕಣ್ಣಿನ ತುದಿ ಕಿವಿಯ ಕಡೆಗೆ ಎಳಿ. ಹೆದರಬೇಡ ಮಾರಾಯ, ಅರಸ ಕಚ್ಚುವುದಿಲ್ಲ." ರಾಮ್ಸೆಸ್ ತಾನೇ ಉಳಿ ಹಿಡಿದಿದ್ದನಾ? ಬಂಡೆ ಕೊರೆದವರು ಸಾವಿರ ಜನ, ಹೆಸರು ಅವನದ್ದು. ಹಾಗೆ ನೋಡಿದರೆ ಮೂರನೆಯ ಮುಖ ನಾನೇ ಮಾಡಿದ್ದು, ಚಾಕು ಮಾತ್ರ ಅವನ ಕೈಯಲ್ಲಿತ್ತು.

ತುಟಿಗೆ ಬಂದಾಗ ಹೇಗೆ ಹೇಳಬೇಕು ಅಂತ ತಿಳಿಯಲಿಲ್ಲ. ಆ ನಗುವಿಗೆ ಅಳತೆ ಇಲ್ಲ. ನಾನು ಯೋಚಿಸುತ್ತಾ ಇದ್ದೆ, ಅವನು ನನ್ನ ಮಾತಿಗೆ ಕಾಯದೆ ಎರಡು ಸಲ ಚಾಕು ಆಡಿಸಿದ. ಬಂತು.

"ಎಲ್ಲಿ ಕಲಿತೆ ಅದನ್ನು?" ಅಂತ ಕೇಳಿದೆ.

"ಹನ್ನೊಂದು ವರ್ಷ ನಿಮ್ಮ ಹಿಂದೆ ನಿಂತು ನಾನು ಎಂತ ನೋಡ್ತಾ ಇದ್ದೆ ಅಂದ್ಕೊಂಡಿರಿ?" ಅಂದ.

ಒಳ್ಳೆಯ ಶಿಷ್ಯ ಸಿಗುವುದೂ ಗುರುವಿನ ಯೋಗ್ಯತೆಯೇ.

ಫೆಬ್ರವರಿ 9, ಭಾನುವಾರ

ಮೂರು ಟ್ರೈಲರ್‌ಗಳಲ್ಲಿ ವಫ್ರಾಕ್ಕೆ ಸಾಗಿಸಿ ನಿನ್ನೆ ನಿಲ್ಲಿಸಿದ್ದಾಯಿತು. ಸೌತೆ, ಟೊಮೆಟೊ ಬೆಳೆಯುವ ಹಸಿರುಮನೆಗಳ ಎದುರು ನಮ್ಮ ಗುಡ್ಡ, ಗುಡ್ಡದಲ್ಲಿ ನಾಲ್ಕು ಅರಸರು! ತೋಟದ ಕೆಲಸದವರು ನೀರು ಬಿಡುವುದನ್ನು ಬಿಟ್ಟು ಸಾಲಾಗಿ ನಿಂತರು. ಒಬ್ಬ ಮುದುಕ ಟೊಪ್ಪಿ ಬಿದ್ದದ್ದೂ ಗೊತ್ತಿಲ್ಲದೆ ಕತ್ತೆತ್ತಿ ನೋಡುತ್ತಿದ್ದ. ನನ್ನ ಜನ್ಮದಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿಲ್ಲ, ಇಷ್ಟು ಖುಷಿಯೂ ಆಗಿಲ್ಲ.

ಇವತ್ತು ಆ ತೋಟದ ಮ್ಯಾನೇಜರ್ ಊರಿಂದ ವಾಪಸು ಬಂದ. ಹೆಸರು ಬಾಸಿತ್, ಈಜಿಪ್ಟಿನವನು, ಅದೂ ಅಸ್ವಾನ್ ಕಡೆಯವನು. ಒಂದು ಸಲ ನೋಡಿದ, ಎರಡು ಸಲ ನೋಡಿದ. ಅವನ ಕಣ್ಣಲ್ಲಿ ನೀರು. ಸರಿ, ಇವನಿಗೆ ಕೆಲಸದ ಬೆಲೆ ಗೊತ್ತುಂಟು ಅಂದುಕೊಂಡೆ. ಅಷ್ಟರಲ್ಲಿ ಕೇಳಿದ, "ಯಾ ಉಸ್ತಾದ್, ಎರಡನೆಯವನ ತಲೆ ಯಾಕೆ ಮೇಲೆ ಉಂಟು?"

"ತಲೆ ಮೇಲಲ್ಲದೆ ಮತ್ತೆಲ್ಲಿ ಇರುವುದು?"

"ನೆಲದಲ್ಲಿ."

ಇಪ್ಪತ್ತೆರಡು ವರ್ಷದಲ್ಲಿ ಕಲಿತ ಅರಬ್ಬಿ ಎಲ್ಲ ಖರ್ಚು ಮಾಡಿ ಅವನಿಗೆ ತಿಳಿಸಿ ಹೇಳಿದೆ. ಭಿನ್ನವಾದ ಮೂರ್ತಿ ಇಡಬಾರದು, ನಾವು ಇಡುವುದಿಲ್ಲ, ನಿಮ್ಮ ಅರಸನಿಗೆ ನಾನು ಮರ್ಯಾದೆ ಕೊಟ್ಟದ್ದು ಅಂದೆ. ಅವನು ಸಿಟ್ಟಾಗಲಿಲ್ಲ. ನನ್ನನ್ನು ಕಟ್ಟೆಯಲ್ಲಿ ಕೂರಿಸಿ ಹೇಳಿದ. ಅವನ ಅಜ್ಜ ಅಲ್ಲಿ ಕೂಲಿ ಮಾಡಿದವನಂತೆ. ಅಣೆಕಟ್ಟಿನ ನೀರಿಗೆ ಮುಳುಗುತ್ತದೆ ಅಂತ ಇಡೀ ದೇವಸ್ಥಾನವನ್ನು ತುಂಡು ತುಂಡು ಕೊಯ್ದು ಮೇಲೆ ಸಾಗಿಸಿ ಜೋಡಿಸಿದರಲ್ಲ, ಆಗ. "ಇಡೀ ಗುಡ್ಡ ಜೋಡಿಸಿದವರಿಗೆ ಒಂದು ತಲೆ ಜೋಡಿಸ್ಲಿಕ್ಕೆ ಬರ್ತಿರಲಿಲ್ವಾ? ಅದು ಮೊದಲು ಬಿದ್ದದ್ದು ಹೇಗೋ, ಹೊಸ ಜಾಗದಲ್ಲಿಯೂ ಹಾಗೆಯೇ ಇಟ್ಟರು."

"ಅರಸನಿಗೆ ಅವಮಾನ ಅಲ್ವಾ ಅದು?"

"ಎಂಥ ಅವಮಾನ? ತಲೆ ನೆಲಕ್ಕೆ ಬಿದ್ದು ಮೂರು ಸಾವಿರ ವರ್ಷ ಆಯ್ತು. ಆದರೂ ಕೂತಿದ್ದಾನೆ ನೋಡು, ಎದ್ದು ಓಡಿಹೋಗಿಲ್ಲ."

ನಾನು ಒಪ್ಪಲಿಲ್ಲ. ಒಳ್ಳೆಯ ಮೂರ್ತಿಯನ್ನು ನನ್ನ ಕೈಯಾರೆ ಒಡೆಯುವುದಾ? ಅಬು ಫಹದ್‌ಗೆ ಫೋನ್ ಹೋಯಿತು. ತೋಟದ ಯಜಮಾನ ಬಾಸಿತನ ಮಾತನ್ನೇ ಹಿಡಿದಿದ್ದಾನೆ. ಹದಿನೈದನೆಯ ತಾರೀಕಿನೊಳಗೆ ಎರಡನೆಯವನು ಒಡೆದಿರಬೇಕು.

ಫೆಬ್ರವರಿ 10, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಹುಷಾರಿಲ್ಲ ಅಂತ ಹೇಳಿ ಕಳಿಸಿದೆ. ರಾಜೀವಿಯೂ ಅಂಗಡಿಗೆ ಹೋಗಲಿಲ್ಲ, ಅವಳು ಯಾಕೆ ನಿಂತಳೋ.

ಬೆಳಿಗ್ಗೆಯಿಂದ ಬೈಯುತ್ತಲೇ ಇದ್ದೆ, ಬಾಸಿತನಿಗೆ, ಅಬು ಫಹದ್‌ಗೆ, ಭೂಕಂಪಕ್ಕೂ. "ಮುರಿದದ್ದನ್ನು ನಾಲ್ಕು ಜನರ ಎದುರು ಇಡುವುದು ಅಂದರೆ ಎಂತ? ಯಾರಾದರೂ ಇಡ್ತಾರಾ?" ಅಂದೆ.

ಅವಳು ನನ್ನ ಬಟ್ಟಲಿನ ಪಕ್ಕದಿಂದ ಚಮಚ ತೆಗೆದು ಒಳಗೆ ಇಟ್ಟು ಬಂದಳು. ಎದುರು ಕೂತಳು. "ತಿನ್ನಿ ಈಗ" ಅಂದಳು.

ತಿನ್ನಲಿಕ್ಕೆ ಆಗಲಿಲ್ಲ. ಅನ್ನ ಬೆರಳಲ್ಲಿ ನಿಲ್ಲಲಿಲ್ಲ.

"ಒಂದು ತಿಂಗಳಾಯ್ತು ನಿಮ್ಮ ಅಂಗಿಗೆ ನಾನು ಗುಂಡಿ ಹಾಕ್ತಾ" ಅಂದಳು. "ಯಾಕೆ ಅಂತ ನೀವು ಹೇಳಲಿಲ್ಲ. ಕೇಳಿದರೆ ನಿಮಗೆ ಸಣ್ಣದಾಗ್ತದೆ ಅಂತ ನಾನು ಕೇಳಲಿಲ್ಲ. ಝಾಕಿರ್ ಅಲ್ಲಿ ಕೇಳಲಿಲ್ಲ, ನಾನು ಇಲ್ಲಿ ಕೇಳಲಿಲ್ಲ. ನಾವು ಇಬ್ಬರೂ ಸೇರಿ ನಿಮ್ಮ ತಲೆಯನ್ನು ಮೇಲೆ ಹಿಡ್ಕೊಂಡು ನಿಂತಿದ್ದೇವೆ. ಕೈ ನೋಯ್ತದೆ ಮಾರಾಯ್ರೆ."

ನನಗೆ ಅಳು ಬಂತು. ಬಂತು, ಬರೆಯುತ್ತೇನೆ. ಅವಳು ಚಮಚ ಮತ್ತೆ ತಂದು ಕೊಟ್ಟಳು. ಮೀನುಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಇತ್ತು, ಹೇಳಲಿಲ್ಲ.

ಫೆಬ್ರವರಿ 12, ಬುಧವಾರ

ಒಡೆದಾಯಿತು. ನನ್ನದೇ ಲೆಕ್ಕದಲ್ಲಿ ಒಡೆದೆ. ಒಡೆಯುವುದಕ್ಕೂ ಉಸ್ತಾದ್ ಬೇಕು, ಕಂಡಕಂಡಲ್ಲಿ ಮುರಿದರೆ ಕಸದ ರಾಶಿ ಆಗುತ್ತದೆ. ಬಂಡೆ ತಾನಾಗಿಯೇ ಬಿರಿದ ಹಾಗೆ ಓರೆಗೆ ಗೆರೆ ಎಳೆದು ಗರಗಸ ಇಟ್ಟೆ. ಥರ್ಮೊಕೋಲಿನ ಮೇಲೆ ಬಳಿದ ಗಟ್ಟಿ ಪದರ ಕೊಯ್ಯಲಿಕ್ಕೆ ಹಿಡಿತ ಬೇಕು. ನನ್ನ ಕೈ ಜಾರಿತು. ಝಾಕಿರ್ ಹಿಂದಿನಿಂದ ನನ್ನ ಕೈಯ ಮೇಲೆ ಅವನ ಕೈ ಇಟ್ಟು ಒತ್ತಿ ಹಿಡಿದ. ಹಾಗೆಯೇ ಇಬ್ಬರೂ ಎಳೆದೆವು. ಬಿಡು ಅಂತ ನಾನು ಹೇಳಲಿಲ್ಲ, ಕೆಲಸದ ಗಡಿಬಿಡಿ ಇತ್ತು.

ಆಮೇಲೆ ನೆಲದಲ್ಲಿ ಯಾವ ತಲೆ ಇಡುವುದು ಅಂತ ಬಂತು. ಎರಡನೆಯದು ಝಾಕಿರನ ಗಲ್ಲ ಇದ್ದ ತಲೆ, ಅದನ್ನೇ ಇಟ್ಟರೆ ಮುಗಿಯಿತು. ನಾನು ನಿಂತು ಯೋಚಿಸಿದೆ. ಮೇಲಿರುವುದು ದೂರದ ನೋಟಕ್ಕೆ. ನೆಲದಲ್ಲಿರುವುದನ್ನು ಜನ ಮೂಗಿಗೆ ಮೂಗು ತಾಗಿಸಿ ನೋಡುತ್ತಾರೆ. ಅಲ್ಲಿ ಒಳ್ಳೆಯದೇ ಇರಬೇಕು. ಅಂದರೆ ನನ್ನದು. ಮೊದಲನೆಯವನ ತಲೆ ಇಳಿಸಿ ನೆಲಕ್ಕೆ ಇಡಿ, ಎರಡನೆಯದನ್ನು ಅವನ ಹೆಗಲಿಗೆ ಏರಿಸಿ ಅಂದೆ.

ಝಾಕಿರ್ ಅಲ್ಲಿಯೇ ನಿಂತ. "ಕಮಲಾಕ್ಷಣ್ಣ, ಹಾಗಾದ್ರೆ ಮೇಲೆ ಇರುವ ಮೂರರಲ್ಲಿಯೂ ನನ್ನ ಕೈ ಆಗ್ತದೆ. ನಿಮ್ಮದು ಕೆಳಗೆ ಆಗ್ತದೆ."

"ಹತ್ತಿರದಿಂದ ನೋಡ್ಲಿಕ್ಕೆ ನಿನ್ನ ಗಲ್ಲ ಸಾಲದು, ಅದಕ್ಕೇ. ಯಲ್ಲಾ, ಎತ್ತು."

ಅವನು ಮುಖ ಆಚೆ ತಿರುಗಿಸಿದ. ಕಣ್ಣಿಗೆ ಪುಡಿ ಹೋಗಿರಬೇಕು, ಗಾಳಿ ಇತ್ತು.

ಕಡೆಗೆ ಪೇಂಟಿನವನು "ಉಸ್ತಾದ್, ಬಣ್ಣ ಯಾವುದು?" ಅಂತ ಕರೆದ. ನಾನೂ ತಿರುಗಿದೆ, ಝಾಕಿರನೂ ತಿರುಗಿದ. ಯಾರನ್ನು ಕರೆದದ್ದು ಅಂತ ಆ ಪುಣ್ಯಾತ್ಮನಿಗೇ ಗೊತ್ತಿರಲಿಲ್ಲ. ಇಬ್ಬರೂ ಹೇಳಿದೆವು, ಒಂದೇ ಬಣ್ಣ ಹೇಳಿದೆವು.

ಫೆಬ್ರವರಿ 21, ಶುಕ್ರವಾರ

ಇದನ್ನು ನಿಧಾನಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಸರಿ ಬರುತ್ತಿಲ್ಲ. ಪೆನ್ನಿನದ್ದು ತಪ್ಪಲ್ಲ.

ನಿನ್ನೆ ತೋಟ ತೆರೆಯಿತು. ಇವತ್ತು ರಾಜೀವಿಯನ್ನು ಕರೆದುಕೊಂಡು ಹೋದೆ, ಝಾಕಿರ್ ಅವನ ಗೆಳೆಯನ ಕಾರು ತಂದಿದ್ದ. ಏನು ಜನ ಅಂತೀರಿ! ಎಲ್ಲರೂ ಬಂದು ಮೊದಲು ಮೇಲೆ ನೋಡುತ್ತಾರೆ, ಅಬ್ಬಾ ಅನ್ನುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅರಸನಿಗೆ ಬೇಕಾದದ್ದು ಅದೇ. ಆಮೇಲೆ ನೋಡಿದರೆ ಎಲ್ಲರೂ ನೆಲದ ತಲೆಯ ಹತ್ತಿರ ಇದ್ದಾರೆ. ಮಕ್ಕಳು ಕೆನ್ನೆಗೆ ಕೆನ್ನೆ ಇಡುತ್ತಾರೆ. ಒಬ್ಬ ಅಜ್ಜಿ ಅದರ ಹಣೆ ಸವರಿ ಏನೋ ಹೇಳಿದಳು. ಫೋಟೋಕ್ಕೆ ಅಲ್ಲಿ ಕ್ಯೂ!

ರಾಜೀವಿ ಮೊದಲು ಮೊಣಕಾಲಿನ ಹತ್ತಿರದ ರಾಣಿಯನ್ನು ನೋಡಿದಳು. "ಇದು ನಾನಾ?" ಅಂದಳು.

"ಪಕ್ಕದಲ್ಲಿ ಇನ್ನೊಂದು ಸಣ್ಣ ದೇವಸ್ಥಾನ ಉಂಟಂತೆ. ಅಲ್ಲಿ ರಾಣಿಯೂ ಅರಸನಷ್ಟೇ ಎತ್ತರ."

"ಅದನ್ನು ಮಾಡ್ಲಿಲ್ಲ ಅಲ್ವಾ ನೀವು?"

ಅವಳು ಹೋಗಿ ಬಿದ್ದ ತಲೆಯ ಎದುರು ನಿಂತಳು. ಮುಖ ಸರಿಯಾಗಿ ಅವಳ ಮುಖದ ಎದುರು ಬಂತು. "ಇದು ನಿಮ್ಮದು" ಅಂದಳು. ಯಾರು ಹೇಳಿದರು ಅಂತ ಕೇಳಿದೆ. "ನಗು ಉಂಟಲ್ಲ. ಮೇಲೆ ಇಟ್ಟಿದ್ದರೆ ನನಗೆ ಕಾಣ್ತಿರಲಿಲ್ಲ."

ಅಷ್ಟರಲ್ಲಿ ಅಬು ಫಹದ್ ತೋಟದ ಯಜಮಾನನನ್ನು ಕರೆದುಕೊಂಡು ಬಂದ. ಎಲ್ಲರ ಎದುರು ಕೈ ಚಾಚಿದ. ಎಡಗೈ ಕೊಡುವ ಹಾಗಿಲ್ಲ, ಇಲ್ಲಿ ಅದು ಮರ್ಯಾದೆ ಅಲ್ಲ. ಎದೆಗೆ ಕೈ ಇಡುವುದೂ ಸಾಕಾಗಿತ್ತು ನನಗೆ. ಬಲಗೈಯನ್ನೇ ಅವನ ಕೈಯಲ್ಲಿ ಇಟ್ಟೆ. ಅವನು ಅಮುಕಿದ, ನನ್ನ ಬೆರಳುಗಳು ಸುಮ್ಮನೆ ಇದ್ದವು. ಅವನ ಮುಖ ಬದಲಾಯಿತು.

"ಹಿಡಿತ ಇಲ್ಲ, ಅಬು ಫಹದ್" ಅಂದೆ. "ನವೆಂಬರಿನಿಂದ ಇಲ್ಲ. ಇಗೋ ಈ ನೆಲದ ತಲೆ ನನ್ನದು. ಮೇಲಿನ ಎರಡು ಪೂರ್ತಿ ಝಾಕಿರ್ ಮಾಡಿದ್ದು. ಆ ಮೊದಲನೆಯದು ನಾನು ಹಾಳು ಮಾಡಿ ಅವನು ಸರಿ ಮಾಡಿದ್ದು."

ಹೇಳಿ ಆಯಿತು. ಏನೂ ಬೀಳಲಿಲ್ಲ.

ಅವನು ನನ್ನ ಕೈ ಬಿಡಲಿಲ್ಲ. "ಆಪರೇಷನ್ ಮಾಡಿಸು. ಅಷ್ಟು ದಿನ ಝಾಕಿರ್ ನೋಡಲಿ. ಕೈ ಬರದಿದ್ದರೂ ನಿನ್ನ ಬಾಯಿ ಉಂಟಲ್ಲ, ಎರಡು ವರ್ಕ್‌ಶಾಪಿಗೆ ಸಾಕು" ಅಂದ. ಇಕಾಮಾದ ಕಥೆ ಎಂತ ಅಂತ ಕೇಳಿದೆ. "ಇನ್ಶಾ ಅಲ್ಲಾ" ಅಂದ. ಆ ಮಾತಿನಲ್ಲಿ ಹೌದು ಎಷ್ಟು, ಇಲ್ಲ ಎಷ್ಟು ಅಂತ ಇಪ್ಪತ್ತೆರಡು ವರ್ಷದಲ್ಲಿಯೂ ನನಗೆ ತಿಳಿದಿಲ್ಲ. ಆದರೂ ಇವತ್ತು ಹಸಿವು ಚೆನ್ನಾಗಿತ್ತು.

ಮಾರ್ಚ್ 2, ಭಾನುವಾರ

ನಾಳೆ ಆಪರೇಷನ್. ಇವತ್ತು ನಾನು ಹೇಳುವುದು, ರಾಜೀವಿ ಬರೆಯುವುದು. ನನಗೆ ಬರೆಯಲಿಕ್ಕೆ ಆಗುವುದಿಲ್ಲ ಅಂತಲ್ಲ, ಅವಳ ಅಕ್ಷರ ಹೇಗೆ ಉಂಟು ಅಂತ ನೋಡುವಾ ಅಂತ. (ಸುಳ್ಳು. ಪೆನ್ನು ಎರಡು ಸಲ ಕೆಳಗೆ ಬಿತ್ತು. ರಾ.) ಅವಳು ನಡುವೆ ಬಾಯಿ ಹಾಕುತ್ತಿದ್ದಾಳೆ.

ಝಾಕಿರ್ ಫೋನ್ ಮಾಡಿದ್ದ. ಹೊಸ ಕೆಲಸ ಬಂದಿದೆಯಂತೆ, ಮಾಲ್ ಒಂದಕ್ಕೆ ಹಡಗು. ಮುಂಭಾಗಕ್ಕೆ ಒಂದು ಕುದುರೆಯ ಮುಖ ಉಂಟು, ಕಣ್ಣು ಹೇಗೆ ಇಡುವುದು ಅಂತ ಕೇಳಿದ. ನಿನಗೆ ಹೇಗೆ ಕಾಣುತ್ತದೋ ಹಾಗೆ ಇಡು ಅಂದೆ. ಆಮೇಲೆ ಅರ್ಧ ಗಂಟೆ ಹೇಗೆ ಇಡಬೇಕು ಅಂತ ಹೇಳಿದೆ.

ನಾಳೆ ಕ್ಲಿನಿಕ್ಕಿಗೆ ಬರುವಾಗ ಗುಂಡಿ ಇಲ್ಲದ ಅಂಗಿ ಹಾಕಿಕೊಂಡು ಬನ್ನಿ, ಕೈಗೆ ಪಟ್ಟಿ ಕಟ್ಟಿದ ಮೇಲೆ ಸುಲಭ ಅಂತ ತೆರೆಸಾ ಬಾಯಿ ಹೇಳಿದ್ದಾರೆ. ನಾನು ಅಂಥದ್ದೊಂದು ಹುಡುಕಿ ತೆಗೆದಿಟ್ಟಿದ್ದೆ. ರಾಜೀವಿ ಅದನ್ನು ಮಡಚಿ ವಾಪಸು ಕಪಾಟಿನಲ್ಲಿ ಇಟ್ಟಳು. ನೀಲಿ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಾಳೆ, ಅದಕ್ಕೆ ಏಳು ಗುಂಡಿ. ಇದು ಯಾಕೆ ಅಂತ ಕೇಳಿದೆ.

"ನಾನು ಇದ್ದೇನಲ್ಲ" ಅಂದಳು. ಅದನ್ನೂ ಬರಿ ಅಂದೆ. ಬರೆದಳು.